ಅಮ್ಮನ ಮಂಡಿ ನೋವು, ಚಿಕ್ಕಮ್ಮನ ಬೆರಳು ಊತ, ಮಾವನ ಹೆಬ್ಬೆರಳು: ಎಲ್ಲಕ್ಕೂ ಒಂದೇ ಮಾತ್ರೆ ಆಗುತ್ತಾ?

ಬೆಣ್ಣೆದೋಸೆ_ಡಿವಿಜಿ

ಎಲ್ಲರಿಗೂ ನಮಸ್ಕಾರ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಮನೆಯಲ್ಲಿ ಈಗ ಮೂರು ಜನಕ್ಕೆ ಕೀಲು ನೋವು. ಅಮ್ಮನಿಗೆ 61, ಎರಡೂ ಮಂಡಿ ನೋವು, ಮೆಟ್ಟಿಲು ಇಳಿಯುವಾಗ ಜಾಸ್ತಿ. ಚಿಕ್ಕಮ್ಮನಿಗೆ 43, ಮೂರ್ನಾಲ್ಕು ತಿಂಗಳಿಂದ ಎರಡೂ ಕೈಯ ಬೆರಳು ಊದಿಕೊಂಡಿವೆ, ಮಣಿಕಟ್ಟೂ ನೋವು. ಸೋದರಮಾವನಿಗೆ ಹೋದ ತಿಂಗಳು ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಕೂಗಿಕೊಳ್ಳುವ ಹಾಗಾಗಿತ್ತು, ವಾರದೊಳಗೆ ತಾನಾಗೇ ಇಳಿಯಿತು.

ಮನೆಯಲ್ಲಿ ಎಲ್ಲರೂ ಮೂರನ್ನೂ ವಾತ ಅಂತ ಒಂದೇ ಲೆಕ್ಕಕ್ಕೆ ಹಾಕಿದ್ದಾರೆ. ಅಮ್ಮನಿಗೆ ಬರೆದುಕೊಟ್ಟ ಮಾತ್ರೆಯನ್ನೇ ಚಿಕ್ಕಮ್ಮ ನುಂಗ್ತಾ ಇದ್ದಾರೆ, ಮಾವನೂ ಅದನ್ನೇ ತಗೊಂಡು ವಾಸಿಯಾಯ್ತು ಅಂತಾರೆ. ನನಗೆ ಯಾಕೋ ಇದು ಸರಿ ಅನಿಸ್ತಿಲ್ಲ. ಇವು ಒಂದೇ ಕಾಯಿಲೆಯಾ, ಬೇರೆ ಬೇರೆಯಾ? ಬೇರೆ ಅಂದ್ರೆ ಮನೆಯಲ್ಲೇ ಹೇಗೆ ಗುರುತಿಸೋದು?

ರಸಬಾಳೆ_ನಂಜನಗೂಡು

ಬೇರೆ ಬೇರೆ. ನೀವು ಬರೆದಿರೋದನ್ನು ಓದಿದರೆ ಮೂರು ಜನಕ್ಕೆ ಮೂರು ಕಾಯಿಲೆ ಇರೋ ಹಾಗಿದೆ. ನಾನು ಡಾಕ್ಟರ್ ಅಲ್ಲ, ಆದರೆ ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಬಂದು ಬಹಳ ವರ್ಷ ಆಯಿತು, ಅದರ ಜೊತೆಯಲ್ಲೇ ಬಾಳ್ತಾ ಇದ್ದೀನಿ. ನನ್ನ ಡಾಕ್ಟರ್ ಹೊಸ ರೋಗಿ ಬಂದಾಗ ಮೊದಲು ಕೇಳೋದು ಮೂರೇ ಪ್ರಶ್ನೆ, ಅದನ್ನೇ ನೀವೂ ಮನೆಯಲ್ಲಿ ಕೇಳಿ ನೋಡಿ. ಯಾವ ಕೀಲು? ಬೆಳಗ್ಗೆ ಎದ್ದಾಗ ಬಿಗಿತ ಎಷ್ಟು ಹೊತ್ತು ಇರುತ್ತೆ? ಕೆಲಸ ಮಾಡಿದರೆ ನೋವು ಹೆಚ್ಚಾಗುತ್ತಾ, ಕಡಿಮೆಯಾಗುತ್ತಾ?

ಸವೆತದ ನೋವು, ಅಂದರೆ ಆಸ್ಟಿಯೋ ಆರ್ಥ್ರೈಟಿಸ್, ಸಾಮಾನ್ಯವಾಗಿ ಮಂಡಿ, ಸೊಂಟದ ಕೀಲು, ಬೆರಳ ತುದಿಯ ಗೆಣ್ಣು, ಕೈ ಹೆಬ್ಬೆರಳ ಬುಡ ಇಂಥ ಕಡೆ ಬರುತ್ತೆ. ಬೆಳಗ್ಗೆ ಬಿಗಿತ ಇದ್ದರೂ ಅರ್ಧ ಗಂಟೆಯೊಳಗೆ ಸಡಿಲ ಆಗುತ್ತೆ. ಓಡಾಡಿದಷ್ಟೂ ನೋವು, ಕೂತರೆ ಆರಾಮ. ರುಮಟಾಯ್ಡ್ ಇದಕ್ಕೆ ಉಲ್ಟಾ. ಬೆರಳ ಬುಡದ ಗೆಣ್ಣು, ನಡುವಿನ ಗೆಣ್ಣು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು, ಅದೂ ಎರಡೂ ಕಡೆ ಒಟ್ಟಿಗೆ. ಬೆರಳ ತುದಿಯ ಗೆಣ್ಣನ್ನು ಅದು ಸಾಮಾನ್ಯವಾಗಿ ಮುಟ್ಟಲ್ಲ. ಬೆಳಗಿನ ಬಿಗಿತ ಒಂದು ಗಂಟೆ ದಾಟುತ್ತೆ, ಕೆಲವರಿಗೆ ಮಧ್ಯಾಹ್ನದವರೆಗೂ ಇರುತ್ತೆ. ಸುಮ್ನೆ ಕೂತರೆ ಇನ್ನೂ ಬಿಗಿ, ಕೈ ಆಡಿಸಿದರೆ ಸ್ವಲ್ಪ ಹಗುರ.

ನಿಮ್ಮ ಚಿಕ್ಕಮ್ಮನ ವಿಷಯದಲ್ಲಿ ದಯವಿಟ್ಟು ತಡ ಮಾಡಬೇಡಿ. ಮಿಕ್ಕಿದ್ದೆಲ್ಲ ಆಮೇಲೆ ಮಾತಾಡೋಣ, ಅವರನ್ನು ಮೊದಲು ತೋರಿಸಿ. ರುಮಟಾಯ್ಡ್ ಆಗಿದ್ದರೆ ಮೊದಲ ಕೆಲವು ತಿಂಗಳಲ್ಲೇ ಔಷಧಿ ಶುರುವಾಗಬೇಕು. ಒಂದು ಸಲ ಮೂಳೆ ಕೊರೆದುಹೋದರೆ ಆಮೇಲೆ ಯಾವ ಮಾತ್ರೆಯೂ ಅದನ್ನು ವಾಪಸ್ ತರಲ್ಲ.

ಫಿಸಿಯೋ_ಹುಬ್ಬಳ್ಳಿ

ಅಮ್ಮನವರ ಮಂಡಿ ಬಗ್ಗೆ ನಾನು ಹೇಳ್ತೀನಿ, ದಿನಾ ನೋಡೋ ಕೆಲಸ ಇದೇ ಆಗಿರೋದ್ರಿಂದ.

ಮೂಳೆ ತುದಿಯಲ್ಲಿ ಕಾರ್ಟಿಲೇಜ್ ಅನ್ನೋ ನುಣುಪಾದ ಪದರ ಇರುತ್ತೆ, ಅದು ತೆಳುವಾಗ್ತಾ ಹೋಗುತ್ತೆ. ಪಕ್ಕದಲ್ಲಿ ಮೂಳೆ ಮುಳ್ಳಿನ ಹಾಗೆ ಬೆಳೆಯುತ್ತೆ. ಇದನ್ನೇ ಎಕ್ಸ್‌ರೇಯಲ್ಲಿ ತೋರಿಸಿ ಗ್ಯಾಪ್ ಕಡಿಮೆಯಾಗಿದೆ ಅಂತ ಹೇಳೋದು. ಆದರೆ ಒಂದು ಮಾತು ನೆನಪಿಡಿ. ಎಕ್ಸ್‌ರೇ ಎಷ್ಟು ಕೆಟ್ಟಿದೆ ಅನ್ನೋದಕ್ಕೂ ನೋವು ಎಷ್ಟಿದೆ ಅನ್ನೋದಕ್ಕೂ ನೇರ ಸಂಬಂಧ ಇಲ್ಲ. ಫಿಲ್ಮ್ ನೋಡಿ ಹೆದರಿ ನಡೆಯೋದನ್ನೇ ಬಿಟ್ಟವರನ್ನು ಎಷ್ಟೋ ಜನ ನೋಡಿದ್ದೀನಿ. ನಡೆಯೋದು ಬಿಟ್ಟರೆ ತೊಡೆಯ ಸ್ನಾಯು ಸೊರಗುತ್ತೆ, ಸ್ನಾಯು ಸೊರಗಿದರೆ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತೆ, ನೋವು ಹೆಚ್ಚಾಗುತ್ತೆ, ಆಗ ಇನ್ನೂ ನಡೆಯಲ್ಲ. ಈ ಸುತ್ತಿನಿಂದ ಹೊರಗೆ ಬರಬೇಕು.

ತೂಕ ಜಾಸ್ತಿ ಇದ್ದರೆ ಇಳಿಸಲೇಬೇಕು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿ ಮೇಲೆ ಬೀಳೋ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತೆ ಅಂತ ಅಳೆದು ನೋಡಿದ್ದಾರೆ. ದಿನಕ್ಕೆ ಎಷ್ಟು ಸಾವಿರ ಹೆಜ್ಜೆ ಇಡ್ತೀವಿ, ಲೆಕ್ಕ ಹಾಕಿ ನೋಡ್ರಿ.

ಇವತ್ತೇ ಶುರು ಮಾಡಬಹುದಾದ್ದು ಒಂದು. ಹಾಸಿಗೆ ಮೇಲೆ ಕಾಲು ಚಾಚಿ ಕೂತು, ಮಂಡಿ ಕೆಳಗೆ ಒಂದು ಟವೆಲ್ ಸುತ್ತಿ ಇಟ್ಟು, ಅದನ್ನು ಮಂಡಿಯಿಂದ ಕೆಳಗೆ ಒತ್ತಬೇಕು. ತೊಡೆ ಮುಂಭಾಗ ಗಟ್ಟಿಯಾಗೋದು ಕೈಯಿಟ್ಟರೆ ಗೊತ್ತಾಗುತ್ತೆ. ಐದು ಎಣಿಸೋವರೆಗೆ ಹಿಡಿದು ಬಿಡಬೇಕು. ಹತ್ತು ಸಲ ಈ ಕಾಲು, ಹತ್ತು ಸಲ ಆ ಕಾಲು. ಅಷ್ಟು ಹೊತ್ತು ಉಸಿರು ಬಿಗಿಹಿಡಿಯಬಾರದು. ಮೆಟ್ಟಿಲು ಹತ್ತುವಾಗ ನೋವು ಕಡಿಮೆ ಇರೋ ಕಾಲು ಮೊದಲು, ಇಳಿಯುವಾಗ ನೋವಿರೋ ಕಾಲು ಮೊದಲು. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂರೋದು, ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂರೋದು ಸದ್ಯಕ್ಕೆ ಬೇಡ. ಇಂಡಿಯನ್ ಕಮೋಡ್ ಇದ್ದರೆ ಮೇಲೆ ಇಡೋ ಕುರ್ಚಿ ಸಿಗುತ್ತೆ, ತಂದುಕೊಡಿ.

ಮಾತ್ರೆಗಿಂತ ಮೊದಲು ಡೈಕ್ಲೋಫಿನ್ಯಾಕ್ ಜೆಲ್ ಹಚ್ಚಿ ನೋಡಬಹುದು. ಮಂಡಿಗೆ ಅದು ಸಾಕಷ್ಟು ಕೆಲಸ ಮಾಡುತ್ತೆ, ಹೊಟ್ಟೆಗೂ ಕಿಡ್ನಿಗೂ ಮಾತ್ರೆಯಷ್ಟು ತೊಂದರೆ ಇಲ್ಲ.

ಭೂತಾಯಿ_ಪ್ರಿಯ (ಮಲ್ಪೆ)

ಮಾವನವರದ್ದು ಗೌಟ್ ಅಂತ ಅನಿಸುತ್ತೆ. ನನಗೂ ಅದೇ ಇರೋದು, ಹಾಗಾಗಿ ಆ ರಾತ್ರಿ ಹೇಗಿರುತ್ತೆ ಅಂತ ಗೊತ್ತು. ಫ್ಯಾನ್ ಗಾಳಿ ತಾಗಿದರೂ ಜೀವ ಹೋಗುತ್ತೆ.

ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿಯಾಗಿ, ಕರಗದೆ ಉಳಿದದ್ದು ಸೂಜಿಯಂಥ ಹರಳಾಗಿ ಕೀಲಿನೊಳಗೆ ಕೂರುತ್ತೆ. ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಹರಳು ಕಟ್ಟೋಕೆ ಶುರು. ತಂಪಿನಲ್ಲಿ ಹರಳು ಬೇಗ ಕಟ್ಟುತ್ತೆ, ಮೈಯಲ್ಲಿ ತಂಪಾಗಿರೋದು ಪಾದ, ಅದಕ್ಕೇ ಹೆಬ್ಬೆರಳಿಗೆ ಮೊದಲು ಬರೋದು ಅಂತ ನಮ್ಮ ಡಾಕ್ಟರ್ ವಿವರಿಸಿದ್ದರು.

ವಾರದಲ್ಲಿ ತಾನಾಗೇ ಹೋಯ್ತು ಅಂದಿರಲ್ಲ, ಗೌಟ್ ಜನರನ್ನು ದಾರಿ ತಪ್ಪಿಸೋದು ಅಲ್ಲೇ. ನೋವು ಹೋಗುತ್ತೆ, ಹರಳು ಹೋಗಲ್ಲ. ಮುಂದಿನ ಸಲ ಪಾದದ ಗಂಟಿಗೆ, ಆಮೇಲೆ ಮಂಡಿಗೆ. ವರ್ಷಗಟ್ಟಲೆ ಬಿಟ್ಟರೆ ಕಿವಿ ಅಂಚಲ್ಲಿ, ಮೊಣಕೈಲಿ ಸುಣ್ಣದಂಥ ಗಂಟು ಕಟ್ಟುತ್ತೆ, ಕಿಡ್ನಿಗೂ ಹೊಡೆತ.

ಇನ್ನೊಂದು ಬಹಳ ಮುಖ್ಯ. ನೋವು ಬಂದ ದಿನ ರಕ್ತ ಪರೀಕ್ಷೆ ಮಾಡಿಸಿದರೆ ಯೂರಿಕ್ ಆಸಿಡ್ ನಾರ್ಮಲ್ ಬರಬಹುದು. ನಾರ್ಮಲ್ ಇದೆ, ಗೌಟ್ ಅಲ್ಲ ಅಂತ ಸುಮ್ಮನಾಗಬೇಡಿ. ನೋವು ಇಳಿದು ಎರಡು ಮೂರು ವಾರ ಬಿಟ್ಟು ಮತ್ತೆ ಮಾಡಿಸಿ. ಕೀಲಿನಿಂದ ನೀರು ತೆಗೆದು ಸೂಕ್ಷ್ಮದರ್ಶಕದಲ್ಲಿ ಹರಳು ನೋಡಿದರೆ ಪಕ್ಕಾ ಆಗುತ್ತೆ.

ಬೆಣ್ಣೆದೋಸೆ_ಡಿವಿಜಿ

ಅಯ್ಯೋ, ಇಷ್ಟು ಬೇಗ ಇಷ್ಟೊಂದು ಉತ್ತರ, ತುಂಬಾ ಥ್ಯಾಂಕ್ಸ್. ಮಾವ ಅವತ್ತಿಂದ ಟೊಮ್ಯಾಟೊ, ಬೇಳೆ, ಪಾಲಕ್ ಎಲ್ಲ ಬಿಟ್ಟಿದ್ದಾರೆ. ಬೇಳೆ ಇಲ್ಲದೆ ನಮ್ಮ ಮನೇಲಿ ಊಟವೇ ಆಗಲ್ಲ. ಬಿಡಲೇಬೇಕಾ?

ಭೂತಾಯಿ_ಪ್ರಿಯ (ಮಲ್ಪೆ)

ಬೇಳೆ ಬಿಡೋದು ಬೇಡ. ಪ್ಯೂರಿನ್ ಅನ್ನೋ ಅಂಶವೇ ಮೈಯಲ್ಲಿ ಯೂರಿಕ್ ಆಸಿಡ್ ಆಗೋದು, ಆದರೆ ಸಸ್ಯಗಳಿಂದ ಬರೋ ಪ್ಯೂರಿನ್‌ಗೂ ಗೌಟ್‌ಗೂ ನಂಟು ಕಾಣಿಸಿಲ್ಲ ಅಂತ 2004ರಲ್ಲೇ ಅಮೆರಿಕದಲ್ಲಿ ದೊಡ್ಡ ಅಧ್ಯಯನ ಬಂದಿತ್ತು. ಅಪಾಯ ಹೆಚ್ಚಾಗಿದ್ದು ಮಾಂಸ ಮತ್ತು ಮೀನು ಜಾಸ್ತಿ ತಿಂದವರಲ್ಲಿ. ಕೆನೆ ತೆಗೆದ ಹಾಲು, ಮಜ್ಜಿಗೆ ಒಳ್ಳೆಯದೇ. ಬಿಯರ್ ಅಂತೂ ಬಿಡಲೇಬೇಕು, ಬಾಟ್ಲಿ ಜ್ಯೂಸು, ಕೋಲಾಗಳ ಸಕ್ಕರೆಯೂ ಯೂರಿಕ್ ಆಸಿಡ್ ಏರಿಸುತ್ತೆ. ನಮ್ಮಂಥವರಿಗೆ ಕಷ್ಟ, ಬಂಗುಡೆ, ಭೂತಾಯಿ ಮೀನು ಎರಡರಲ್ಲೂ ಪ್ಯೂರಿನ್ ಜಾಸ್ತಿ. ನಾನು ಪೂರ್ತಿ ಬಿಟ್ಟಿಲ್ಲ, ದಿನಾ ಇದ್ದದ್ದು ಯಾವಾಗಲೋ ಒಂದು ಸಲ ಆಗಿದೆ.

ಆದರೆ ಪಥ್ಯ ಒಂದರಿಂದಲೇ ಯೂರಿಕ್ ಆಸಿಡ್ ಬಹಳ ಇಳಿಯಲ್ಲ. ಕಿಡ್ನಿ ಅದನ್ನು ಸರಿಯಾಗಿ ಹೊರಗೆ ಹಾಕದಿರೋದೇ ಹೆಚ್ಚಿನವರಲ್ಲಿ ಕಾರಣ. ಪದೇ ಪದೇ ಬರ್ತಾ ಇದ್ದರೆ ಯೂರಿಕ್ ಆಸಿಡ್ ಇಳಿಸೋ ಮಾತ್ರೆ, ಅಂದರೆ ಅಲೋಪ್ಯೂರಿನಾಲ್ ಅಥವಾ ಫೆಬುಕ್ಸೋಸ್ಟ್ಯಾಟ್ ಬೇಕಾಗುತ್ತೆ, ಅದನ್ನು 6ಕ್ಕಿಂತ ಕೆಳಗೆ ಇಡೋದು ಗುರಿ. ಅಲೋಪ್ಯೂರಿನಾಲ್ ಕಡಿಮೆ ಡೋಸಿಂದ ಶುರು ಮಾಡ್ತಾರೆ. ಮೊದಮೊದಲು ಹಳೇ ಹರಳು ಕರಗುವಾಗ ಮತ್ತೆ ನೋವು ಬರಬಹುದು, ಅದಕ್ಕೇ ಕೆಲವು ತಿಂಗಳು ಜೊತೆಗೆ ಆ ನೋವು ತಡೆಯೋ ಕಾಲ್ಚಿಸಿನ್ ಮಾತ್ರೆ ಕೊಡೋದು. ಮಾತ್ರೆಯಿಂದಲೇ ನೋವು ಬಂತು ಅಂತ ಬಿಟ್ಟುಬಿಡೋರು ಬಹಳ. ಮೈಮೇಲೆ ದದ್ದು ಎದ್ದರೆ ಮಾತ್ರ ತಕ್ಷಣ ನಿಲ್ಲಿಸಿ ಡಾಕ್ಟರ್ ಹತ್ತಿರ ಓಡಬೇಕು, ಅದು ಅಪಾಯ.

ಮಾವ ಬಿಪಿಗೆ ಏನು ಮಾತ್ರೆ ತಗೊಳ್ತಾರೆ ಅಂತಲೂ ನೋಡಿ. ಮೂತ್ರ ಹೆಚ್ಚು ಮಾಡಿಸೋ ಕೆಲವು ಬಿಪಿ ಮಾತ್ರೆಗಳು ಯೂರಿಕ್ ಆಸಿಡ್ ಏರಿಸುತ್ತವೆ. ನೀವೇ ನಿಲ್ಲಿಸಬೇಡಿ, ಬರೆದ ಡಾಕ್ಟರಿಗೆ ಹೇಳಿ.

ಕೋಲಾರ_ಚಿನ್ನ

ಹಾಗಂತ ಲ್ಯಾಬ್ ರಿಪೋರ್ಟಲ್ಲಿ ಯೂರಿಕ್ ಆಸಿಡ್ 7.5 ಇದೆ ಅಂದ ಮಾತ್ರಕ್ಕೆ ಗೌಟ್ ಅಲ್ಲ. ನೋವೇ ಬರದವರಿಗೆ ಸಾಮಾನ್ಯವಾಗಿ ಔಷಧಿ ಬೇಕಿಲ್ಲ. ಆ ಒಂದು ನಂಬರ್ ನೋಡಿ, ಮಂಡಿ ಸವೆತದವರಿಗೂ ಗೌಟ್ ಮಾತ್ರೆ ಕೊಟ್ಟಿರೋದನ್ನು ನೋಡಿದ್ದೀನಿ.

ಬೆಣ್ಣೆದೋಸೆ_ಡಿವಿಜಿ

ಚಿಕ್ಕಮ್ಮನನ್ನು ಕೇಳಿದೆ. ಬೆಳಗ್ಗೆ ಎದ್ದರೆ ಹತ್ತು ಗಂಟೆವರೆಗೂ ಮುಷ್ಟಿ ಕಟ್ಟೋಕೆ ಆಗಲ್ವಂತೆ. ಒಗೆದ ಬಟ್ಟೆ ಹಿಂಡೋಕೆ ಆಗಲ್ಲ, ರೊಟ್ಟಿ ತಟ್ಟೋದು ಬಿಟ್ಟಿದ್ದಾರೆ. ಸುಸ್ತು ಬೇರೆ, ಸಂಜೆ ಮೈ ಬೆಚ್ಚಗಾಗುತ್ತೆ ಅಂತಾರೆ. ಆದರೆ ಇಲ್ಲೇ ಒಂದು ಕಡೆ ಆರ್‌ಎ ಫ್ಯಾಕ್ಟರ್ ಅನ್ನೋ ರುಮಟಾಯ್ಡ್ ರಕ್ತ ಪರೀಕ್ಷೆ ಮಾಡಿಸಿದರು, ನೆಗೆಟಿವ್ ಬಂದಿದೆ. ಹಾಗಾದರೆ ರುಮಟಾಯ್ಡ್ ಅಲ್ಲ ಅಲ್ವಾ?

ಜೋಗದಸಿರಿ

ನೆಗೆಟಿವ್ ಅಂದ್ರೆ ಇಲ್ಲ ಅಂತಾನೇ ಅರ್ಥ. ನಮ್ಮ ಅತ್ತೆಗೂ ನೆಗೆಟಿವ್ ಬಂದಿತ್ತು, ಸುಮ್ನೆ ಕ್ಯಾಲ್ಸಿಯಂ ಕೊಟ್ಟು ಕಳಿಸಿದರು. ಗಾಬರಿ ಆಗಬೇಡಿ.

ರಸಬಾಳೆ_ನಂಜನಗೂಡು

ಜೋಗದಸಿರಿಯವರೇ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದು ಸರಿಯಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟೋ ಜನರ ಕೈಬೆರಳು ಸೊಟ್ಟಗಾಗಿವೆ. ರುಮಟಾಯ್ಡ್ ಇರುವ ನೂರು ಜನರಲ್ಲಿ ಇಪ್ಪತ್ತು ಮೂವತ್ತು ಜನಕ್ಕೆ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬರುತ್ತೆ. ಕಾಯಿಲೆಯೇ ಇಲ್ಲದ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಪಾಸಿಟಿವ್ ಬರುತ್ತೆ. ಆಂಟಿ ಸಿಸಿಪಿ ಅಂತ ಇನ್ನೊಂದು ಪರೀಕ್ಷೆ ಇದೆ, ಅದು ಪಾಸಿಟಿವ್ ಬಂದರೆ ಹೆಚ್ಚು ನಂಬಬಹುದು. ಜೊತೆಗೆ ಇಎಸ್ಆರ್, ಸಿಆರ್‌ಪಿ ನೋಡ್ತಾರೆ, ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ಅದರಿಂದ ಗೊತ್ತಾಗುತ್ತೆ. ಬರೀ ಸವೆತದಲ್ಲಿ ಇವೆರಡೂ ಸಾಮಾನ್ಯವಾಗಿ ನಾರ್ಮಲ್ ಇರುತ್ತವೆ. ಎಲ್ಲ ಪರೀಕ್ಷೆಗಿಂತ ಮುಖ್ಯ, ಅನುಭವ ಇರೋ ಡಾಕ್ಟರ್ ಒಂದೊಂದು ಗೆಣ್ಣನ್ನೂ ಒತ್ತಿ ನೋಡೋದು. ಸವೆತದ ಗಂಟು ಮೂಳೆಯ ಹಾಗೆ ಗಟ್ಟಿ. ಉರಿಯೂತದ ಊತ ಮೆತ್ತಗೆ, ಬಿಸಿ, ಒತ್ತಿದರೆ ನೋವು.

ಸುಸ್ತು, ಸಣ್ಣ ಜ್ವರ ಅಂದಿರಲ್ಲ. ಸವೆತ ಕೀಲಿಗೆ ಮಾತ್ರ ಸಂಬಂಧಿಸಿದ್ದು. ರುಮಟಾಯ್ಡ್ ಹಾಗಲ್ಲ, ನಮ್ಮ ರೋಗನಿರೋಧಕ ಶಕ್ತಿಯೇ ನಮ್ಮ ಕೀಲಿನ ಒಳಪದರದ ಮೇಲೆ ತಿರುಗಿಬೀಳೋದು. ಹಾಗಾಗಿ ಇಡೀ ಮೈ ಅದರಲ್ಲಿ ಸಿಕ್ಕಿಕೊಳ್ಳುತ್ತೆ. ಶ್ವಾಸಕೋಶ, ಕಣ್ಣು, ಹೃದಯ, ಎಲ್ಲಕ್ಕೂ ಬರಬಹುದು. ಹೆಂಗಸರಿಗೆ ಗಂಡಸರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಬೀಡಿ ಸಿಗರೇಟು ಸೇದುವವರಿಗೆ ಬರುವ ಸಂಭವವೂ ಜಾಸ್ತಿ, ಬಂದರೆ ತೀವ್ರತೆಯೂ ಜಾಸ್ತಿ.

ರುಮಟಾಲಜಿಸ್ಟ್ ಅಂತಲೇ ಇರ್ತಾರೆ, ಅವರಿಗೆ ತೋರಿಸಿ. ಮೂಳೆ ಡಾಕ್ಟರ್ ಬೇರೆ, ಇವರು ಬೇರೆ. ಊರಲ್ಲಿ ಇಲ್ಲದಿದ್ದರೆ ಒಳ್ಳೆಯ ಜನರಲ್ ಮೆಡಿಸಿನ್ ಎಂಡಿ ಡಾಕ್ಟರ್ ಚಿಕಿತ್ಸೆ ಶುರು ಮಾಡಬಹುದು. ಬೆಂಗಳೂರಿಗೆ ಹೋಗೋಕೆ ದಿನ ಸಿಗಲಿಲ್ಲ ಅಂತ ಎರಡು ತಿಂಗಳು ಕಳೀಬೇಡಿ.

ಜೋಗದಸಿರಿ

ಗೊತ್ತಿರಲಿಲ್ಲ. ಅತ್ತೆಯನ್ನೂ ಇನ್ನೊಮ್ಮೆ ತೋರಿಸ್ತೀನಿ.

ಮಸ್ಕತ್_ಕನ್ನಡಿಗ

ಬೆನ್ನಿನದ್ದೂ ಒಂದಿದೆ, ಅದನ್ನು ಯಾರೂ ಹೇಳಲಿಲ್ಲ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳ ಉರಿಯೂತ. ನನಗೆ ಶುರುವಾದಾಗ ವಯಸ್ಸು ಇಪ್ಪತ್ತರ ಆಸುಪಾಸು. ಎಲ್ಲರೂ ಬೈಕ್ ಓಡಿಸ್ತೀಯಾ, ಕಂಪ್ಯೂಟರ್ ಮುಂದೆ ಕೂರ್ತೀಯಾ ಅಂತಲೇ ಅಂದರು. ಡಿಸ್ಕ್ ಅಂತ ಬೆಲ್ಟ್ ಕೊಟ್ಟು ಮಲಗು ಅಂದರು. ಮಲಗಿದಷ್ಟೂ ಜಾಸ್ತಿ ಆಯಿತು.

ಗುರುತು ಇದು. 45 ದಾಟದವರಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಬೆನ್ನು ನೋವು. ರಾತ್ರಿ ಎರಡು ಮೂರು ಗಂಟೆಗೆ ನೋವಿಂದ ಎಚ್ಚರ. ಎದ್ದು ಮನೆಯೊಳಗೇ ನಾಲ್ಕು ಸುತ್ತು ಹಾಕಿದರೆ ಕಡಿಮೆ. ಬೆಳಗ್ಗೆ ಬೆನ್ನು ಹಲಗೆ ಥರ ಬಿಗಿ. ಒಮ್ಮೆ ಎಡ ಪೃಷ್ಠ, ಒಮ್ಮೆ ಬಲ ಪೃಷ್ಠ ನೋವು, ಹಿಮ್ಮಡಿ ನೋವು. ಕೆಲವರಿಗೆ ಕಣ್ಣು ಕೆಂಪಾಗಿ ಬೆಳಕು ನೋಡೋಕೆ ಆಗದ ಹಾಗೆ ನೋವು ಬರುತ್ತೆ, ಅದನ್ನು ಮದ್ರಾಸ್ ಐ ಅಂತ ಅಂಗಡಿ ಡ್ರಾಪ್ಸ್ ಹಾಕಿಕೊಂಡರೆ ಕಣ್ಣಿಗೇ ಅಪಾಯ. ಡಿಸ್ಕ್ ನೋವು ಸಾಮಾನ್ಯವಾಗಿ ರೆಸ್ಟ್ ತಗೊಂಡರೆ ಕಡಿಮೆ, ಇದು ರೆಸ್ಟ್ ತಗೊಂಡರೆ ಜಾಸ್ತಿ. ಈ ಒಂದು ವ್ಯತ್ಯಾಸವನ್ನು ಎಲ್ಲರೂ ನೆನಪಿಟ್ಟುಕೊಳ್ಳಿ.

ಎಚ್‌ಎಲ್‌ಎ-ಬಿ27 ಅಂತ ಒಂದು ಜೀನ್ ಪರೀಕ್ಷೆ ಮಾಡಿಸ್ತಾರೆ. ಪಾಸಿಟಿವ್ ಇದ್ದ ಹೆಚ್ಚಿನ ಜನಕ್ಕೆ ಜೀವನಪೂರ್ತಿ ಏನೂ ಆಗಲ್ಲ, ಹಾಗಾಗಿ ಲಕ್ಷಣ ಇಲ್ಲದ ತಮ್ಮನಿಗೂ ಮಾಡಿಸಿ ಹೆದರೋದು ಬೇಡ. ಎಕ್ಸ್‌ರೇಯಲ್ಲಿ ಕಾಣೋಕೆ ವರ್ಷಗಳು ಬೇಕು, ಎಂಆರ್‌ಐಯಲ್ಲಿ ಬೇಗ ಕಾಣುತ್ತೆ. ವ್ಯಾಯಾಮ ಇಲ್ಲಿ ಔಷಧಿಯಷ್ಟೇ ಮುಖ್ಯ. ನನಗೆ ಈಜು ಬಹಳ ಸಹಾಯ ಮಾಡಿತು, ಈಗ ಉರಿಯೂತ ತಡೆಯೋ ಬಯೋಲಾಜಿಕ್ ಅನ್ನೋ ಇಂಜೆಕ್ಷನ್ ಮೇಲೆ ಇದ್ದೀನಿ, ಮಾಮೂಲಿ ಕೆಲಸ ಮಾಡ್ತೀನಿ, ಮಗಳನ್ನು ಎತ್ತಿ ಆಡಿಸ್ತೀನಿ. ಇಂಜೆಕ್ಷನ್ ಶುರು ಮಾಡೋ ಮೊದಲು ಟಿಬಿ ಪರೀಕ್ಷೆ ಕಡ್ಡಾಯ, ಒಳಗೆ ಅಡಗಿರೋ ಟಿಬಿ ಎದ್ದು ಕೂರಬಹುದು.

ಮೆಡಿಕಲ್_ಶಾಪ್_ಹಾಸನ

ಮೂವತ್ತು ವರ್ಷದಿಂದ ಕೌಂಟರ್ ಹಿಂದೆ ನಿಂತವನು ನಾನು. ನನ್ನ ಮಾತು ಸ್ವಲ್ಪ ಉದ್ದ ಆಗಬಹುದು, ಆದರೆ ಇದನ್ನು ಎಲ್ಲರೂ ಓದಬೇಕು.

ಒಂದನೇದು ಮೆಥೊಟ್ರೆಕ್ಸೇಟ್. ರುಮಟಾಯ್ಡ್‌ಗೆ ಮೊದಲು ಕೊಡೋ ಔಷಧಿ ಇದೇ, ಒಳ್ಳೆಯ ಔಷಧಿ. ಆದರೆ ಇದು ವಾರಕ್ಕೆ ಒಂದೇ ದಿನ. ಮಿಕ್ಕ ಮಾತ್ರೆಗಳ ಹಾಗೆ ದಿನಾ ನುಂಗಿದರೆ ರಕ್ತಕಣಗಳು ಬಿದ್ದುಹೋಗಿ, ಬಾಯೆಲ್ಲ ಹುಣ್ಣಾಗಿ, ಜೀವವೇ ಹೋಗಬಹುದು. ನನ್ನ ಅಂಗಡಿಯಲ್ಲಿ ಈ ಸ್ಟ್ರಿಪ್ ಕೊಡುವಾಗ ಕವರ್ ಮೇಲೆ ವಾರದ ಹೆಸರು ಕೆಂಪು ಪೆನ್ನಲ್ಲಿ ದೊಡ್ಡದಾಗಿ ಬರೆದು, ಅವರ ಬಾಯಿಂದಲೇ ಒಮ್ಮೆ ಹೇಳಿಸಿ ಕಳಿಸ್ತೀನಿ. ಓದು ಬಾರದ ಅಜ್ಜಿಯರಿದ್ದರೆ ಮನೆಯವರ ಫೋನಿಗೂ ಹೇಳ್ತೀನಿ. ಫೋಲಿಕ್ ಆಸಿಡ್ ಬೇರೆ ದಿನ ಬರೆದಿರ್ತಾರೆ, ಅದನ್ನು ಬಿಡಬೇಡಿ. ಹೆಂಡ ಬೇಡ. ಮಗು ಬೇಕು ಅಂತಿರೋ ಹೆಣ್ಣುಮಕ್ಕಳು ಮೊದಲೇ ಡಾಕ್ಟರಿಗೆ ಹೇಳಬೇಕು, ಗರ್ಭ ನಿಂತಾಗ ಈ ಔಷಧಿ ಇರಲೇಬಾರದು.

ಎರಡನೇದು ನೋವಿನ ಮಾತ್ರೆ. ಡೈಕ್ಲೋಫಿನ್ಯಾಕ್, ಅಸಿಕ್ಲೋಫಿನ್ಯಾಕ್, ಎಟೋರಿಕಾಕ್ಸಿಬ್ ಇವೆಲ್ಲ ನೋವು ಕಡಿಮೆ ಮಾಡುತ್ತವೆ, ಕೀಲು ಹಾಳಾಗೋದನ್ನು ರುಮಟಾಯ್ಡ್‌ನಲ್ಲಿ ತಡೆಯಲ್ಲ. ಚಿಕ್ಕಮ್ಮ ಅಕ್ಕನ ಮಾತ್ರೆ ನುಂಗ್ತಿರೋದರಲ್ಲಿ ನನಗೆ ಕಾಣೋ ದೊಡ್ಡ ಅಪಾಯ ಇದೇ. ನೋವು ಇಳಿದು, ಒಳಗೆ ಕಾಯಿಲೆ ನಡೀತಾನೇ ಇರುತ್ತೆ. ತಿಂಗಳುಗಟ್ಟಲೆ ತಗೊಂಡರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಬಿಪಿ ಏರೋದು ಎಲ್ಲ ಇದೆ. ಬಿಪಿ, ಶುಗರ್, ಕಿಡ್ನಿ, ಹೃದಯದ ತೊಂದರೆ ಇರೋರು ಕೇಳದೆ ತಗೊಳ್ಳಲೇಬಾರದು.

ಮೂರನೇದು, ಹೆಸರಿಲ್ಲದ ಪುಡಿ ಮತ್ತು ಗುಳಿಗೆ. ಸಂತೆಯಲ್ಲಿ, ಬಸ್ ಸ್ಟ್ಯಾಂಡಲ್ಲಿ, ಯಾರೋ ಹೇಳಿದರು ಅಂತ ದೂರದ ಊರಿಂದ ತರಿಸಿ ತಿಂತಾರೆ. ಎರಡೇ ದಿನದಲ್ಲಿ ನೋವು ಮಾಯ ಅಂದರೆ ಅನುಮಾನ ಪಡಿ, ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿದೆ. ಸ್ಟಿರಾಯ್ಡ್ ಶಕ್ತಿ ಅಂಥದ್ದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಮೊದಲ ಸಲ ಕಾರ್ಟಿಸೋನ್ ಅನ್ನೋ ಸ್ಟಿರಾಯ್ಡ್ ಕೊಟ್ಟಾಗ, ರುಮಟಾಯ್ಡ್‌ನಿಂದ ಏಳಲಾಗದಿದ್ದ ಹೆಂಗಸು ಕೆಲವೇ ದಿನದಲ್ಲಿ ಎದ್ದು ಓಡಾಡಿದಳು. 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಆಮೇಲೆ ಮುಖ ಊದೋದು, ಮೂಳೆ ಟೊಳ್ಳಾಗೋದು, ಶುಗರ್ ಏರೋದು ಎಲ್ಲ ಗೊತ್ತಾಯಿತು. ಡಾಕ್ಟರ್ ಕೊಡೋ ಸ್ಟಿರಾಯ್ಡ್‌ಗೆ ಡೋಸ್ ಇದೆ, ಎಷ್ಟು ದಿನ ಅಂತ ಲೆಕ್ಕ ಇದೆ. ಪುಡಿಯಲ್ಲಿ ಎಷ್ಟಿದೆ ಅಂತ ತಿನ್ನೋರಿಗೆ ತಿಳಿಯೋದೇ ಇಲ್ಲ. ಬಹಳ ದಿನ ತಿಂದು ಒಮ್ಮೆಲೇ ನಿಲ್ಲಿಸಿದರೂ ಅಪಾಯ, ಡಾಕ್ಟರಿಗೆ ಪುಡಿಯ ಪೊಟ್ಟಣ ತೋರಿಸಿ ನಿಧಾನಕ್ಕೆ ಬಿಡಬೇಕು.

ಕಷಾಯ_ಪ್ರೇಮಿ

ನಾಟಿ ಔಷಧಿ ಅಂದರೆ ಎಲ್ಲವೂ ಮೋಸ ಅಂತ ಹೇಳಬೇಡಿ ಸರ್. ನಮ್ಮಮ್ಮನ ಮಂಡಿಗೆ ಎಣ್ಣೆ ಹಚ್ಚಿ ಬಿಸಿನೀರು ಶಾಖ ಕೊಟ್ಟರೆ ಆರಾಮ ಆಗುತ್ತೆ. ಅಮೃತಬಳ್ಳಿ ಕಷಾಯವೂ ಕುಡೀತಾರೆ.

ಮೆಡಿಕಲ್_ಶಾಪ್_ಹಾಸನ

ಎಣ್ಣೆ, ಶಾಖಕ್ಕೆ ನಾನೂ ಒಪ್ತೀನಿ, ಸವೆತದ ಮಂಡಿಗೆ ಅದು ಹಿತ. ನಾನು ಹೇಳಿದ್ದು ಒಳಗೆ ಏನಿದೆ ಅಂತ ಗೊತ್ತಿಲ್ಲದ ಪುಡಿ ಬಗ್ಗೆ. ಅಮೃತಬಳ್ಳಿ ವಿಷಯದಲ್ಲಿ ಒಂದು ಎಚ್ಚರ. ಅದನ್ನು ದಿನಾ ಕುಡಿದ ಕೆಲವರಿಗೆ ಲಿವರ್ ತೊಂದರೆಯಾದದ್ದನ್ನು ನಮ್ಮ ದೇಶದ ಡಾಕ್ಟರುಗಳೇ ವರದಿ ಮಾಡಿದ್ದಾರೆ. ಮೆಥೊಟ್ರೆಕ್ಸೇಟ್ ಕೂಡ ಲಿವರ್ ಮೇಲೆ ಭಾರ ಹಾಕೋ ಔಷಧಿ. ಎರಡೂ ಒಟ್ಟಿಗೆ ಹೋಗೋದು ಬೇಡ. ಏನು ಕುಡೀತಿದ್ದೀರಿ ಅಂತ ಡಾಕ್ಟರಿಗೆ ಮುಚ್ಚಿಡಬೇಡಿ.

ಕೋಲಾರ_ಚಿನ್ನ

ನಮ್ಮ ಕಡೆಯ ಇನ್ನೊಂದು ಸಂಗತಿ ಸೇರಿಸ್ತೀನಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರ ತನಕ ಸೈ ಅಂತ ನಿಯಮ. ಅದಕ್ಕಿಂತ ಬಹಳ ಜಾಸ್ತಿ ಇರೋ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಬೆನ್ನು, ಕುತ್ತಿಗೆ, ಕೀಲು ಬಿಗಿಯಾಗುತ್ತೆ, ಬಗ್ಗೋಕೆ ತಿರುಗೋಕೆ ಆಗಲ್ಲ. ನೋಡಿದವರು ಆರ್ಥ್ರೈಟಿಸ್ ಅಂತಲೇ ಅಂದುಕೊಳ್ತಾರೆ. ಒಂದೇ ಊರಲ್ಲಿ ಹತ್ತಾರು ಜನಕ್ಕೆ ಹೀಗಿದ್ದು, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಇದ್ದರೆ ಮೊದಲು ನೀರು ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ ಅಷ್ಟೇ. ಆರ್‌ಒ ಅಥವಾ ಮಳೆನೀರು.

ಅಡಿಕೆತೋಟ_ಸಾಗರ

ಒಂದೇ ಊರಲ್ಲಿ ಹತ್ತಾರು ಜನಕ್ಕೆ ಅನ್ನೋ ಮಾತು ಬಂದಿದ್ದಕ್ಕೆ ನಮ್ಮೂರ ಕಡೆಯದು ಹೇಳಲೇಬೇಕು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಬೆಳಕಿಗೆ ಬಂದ ಕಾಯಿಲೆ. ಸೊಂಟದ ಕೀಲು, ಮಂಡಿ ನೋವಿಂದ ಶುರುವಾಗಿ ನಡೆಯೋದೇ ಕಷ್ಟವಾಗ್ತಿತ್ತು, ಕೆಲವರು ತೆವಳುವ ಸ್ಥಿತಿಗೆ ಬಂದರು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣ ಅಂತ ಮೊದಲು ಅನುಮಾನಪಟ್ಟರು. ಆಮೇಲೆ ಇದು ಕುಟುಂಬದಲ್ಲಿ ವಂಶದಿಂದ ಬರುವ ಮೂಳೆ ಬೆಳವಣಿಗೆಯ ದೋಷ ಅಂತ ತಿಳಿಯಿತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ ಕಂಡುಬಂತು, ಹೆಚ್ಚಾಗಿ ಬಡ ದಲಿತ ಕೂಲಿ ಕುಟುಂಬಗಳಿಗೆ. ಮೈಮುರಿದು ದುಡಿದೇ ತಿನ್ನಬೇಕಾದ ಜನಕ್ಕೆ ಸೊಂಟವೇ ಹೋದರೆ ಏನು ಮಾಡಬೇಕು ಹೇಳಿ. ಕೀಲು ನೋವಿನ ಮಾತು ಬಂದಾಗಲೆಲ್ಲ ಅವರನ್ನು ಮರೀಬಾರದು ಅಂತ ನನ್ನ ಆಸೆ.

ಮೆಣಸಿನಕಾಯಿ_ಬ್ಯಾಡಗಿ

ಚಿಕೂನ್‌ಗುನ್ಯಾ ಮರೆತುಬಿಟ್ಟಿರಾ ಎಲ್ಲರೂ? 2006ರಲ್ಲಿ ನಮ್ಮ ಓಣಿಯಲ್ಲಿ ಒಂದು ಮನೆ ಬಿಡದೆ ಬಂದಿತ್ತು. ಆ ವರ್ಷ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ರಾಜ್ಯದಲ್ಲೇ. ಜ್ವರ ವಾರದಲ್ಲಿ ಹೋದರೂ ಕೈಕಾಲು ಗೆಣ್ಣಿನ ನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷದ ಮೇಲೂ ಉಳಿಯುತ್ತೆ. ನೋಡೋಕೆ ಥೇಟ್ ರುಮಟಾಯ್ಡ್ ಥರಾನೇ, ಎರಡೂ ಕೈ, ಬೆಳಗಿನ ಬಿಗಿತ. ಹಾಗಾಗಿ ಡಾಕ್ಟರ್ ಹತ್ತಿರ ಹೋದಾಗ ಈಚೆಗೆ ಜ್ವರ ಬಂದಿತ್ತಾ ಅಂತ ತಪ್ಪದೆ ಹೇಳಿ. ಜ್ವರ ಇರುವಾಗ ಡೆಂಗಿ ಅಲ್ಲ ಅಂತ ಖಚಿತ ಆಗೋವರೆಗೆ ಪ್ಯಾರಾಸಿಟಮಾಲ್ ಮಾತ್ರ, ಬೇರೆ ನೋವಿನ ಮಾತ್ರೆ ತಗೊಂಡರೆ ರಕ್ತಸ್ರಾವದ ಭಯ.

ಫಿಸಿಯೋ_ಹುಬ್ಬಳ್ಳಿ

ಇನ್ನೆರಡು ಮಾತು ಸೇರಿಸ್ತೀನಿ. ಸೋರಿಯಾಸಿಸ್ ಅನ್ನೋ ಚರ್ಮದ ಕಾಯಿಲೆ ಇದ್ದವರಿಗೆ ಕೀಲು ನೋವು ಬಂದರೆ ಅದೂ ಬೇರೆ ಜಾತಿ. ಬೆರಳು ಪೂರ್ತಿ ದಪ್ಪಗೆ ಊದುತ್ತೆ, ತುದಿ ಗೆಣ್ಣಿಗೂ ಬರುತ್ತೆ, ಉಗುರಿನ ಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ಗುಳಿ ಇರುತ್ತೆ. ತಲೆಯ ಹೊಟ್ಟು ಅಂತ ಬಿಟ್ಟದ್ದೇ ಸೋರಿಯಾಸಿಸ್ ಆಗಿರಬಹುದು, ಹಾಗಾಗಿ ಡಾಕ್ಟರಿಗೆ ತಲೆ, ಹೊಕ್ಕಳು, ಕಿವಿ ಹಿಂದೆ ಎಲ್ಲ ತೋರಿಸ್ರಿ.

ಮತ್ತೆ, ಒಂದೇ ಒಂದು ಕೀಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಜ್ವರವೂ ಇದ್ದರೆ ಕಾಯೋ ಹಾಗೇ ಇಲ್ಲ. ಒಳಗೆ ಕೀವು ತುಂಬಿರಬಹುದು, ಅದೇ ದಿನ ಆಸ್ಪತ್ರೆ. ಮಕ್ಕಳಿಗೆ ಗಂಟಲು ನೋವು ಬಂದು ಎರಡು ಮೂರು ವಾರಕ್ಕೆ ಇವತ್ತು ಮಂಡಿ, ನಾಳೆ ಮೊಣಕೈ ಅಂತ ನೋವು ಜಾಗ ಬದಲಿಸ್ತಾ ಇದ್ದರೆ ರುಮ್ಯಾಟಿಕ್ ಫೀವರ್ ಇರಬಹುದು. ಕೀಲು ವಾಸಿಯಾಗುತ್ತೆ, ಹೃದಯದ ಕವಾಟ ಹಾಳಾಗಬಹುದು. ಬೆಳೆಯೋ ವಯಸ್ಸಿನ ನೋವು ಅಂತ ಬಿಡಬೇಡಿ.

ಬೆಣ್ಣೆದೋಸೆ_ಡಿವಿಜಿ

ಅಪ್‌ಡೇಟ್ ಕೊಡೋಕೆ ಬಂದೆ. ಚಿಕ್ಕಮ್ಮನನ್ನು ರುಮಟಾಲಜಿಸ್ಟ್‌ಗೆ ತೋರಿಸಿದೆವು. ಆಂಟಿ ಸಿಸಿಪಿ ಪಾಸಿಟಿವ್, ಇಎಸ್ಆರ್ ಜಾಸ್ತಿ. ರುಮಟಾಯ್ಡ್ ಅಂತಲೇ ಹೇಳಿದರು, ಬೇಗ ಬಂದಿದ್ದೀರಿ, ಮೂಳೆ ಇನ್ನೂ ಕೊರೆದಿಲ್ಲ ಅಂದರು. ಮೆಥೊಟ್ರೆಕ್ಸೇಟ್ ಶುರುವಾಗಿದೆ, ಮೊದಲ ಕೆಲವು ವಾರಕ್ಕೆ ಸಣ್ಣ ಡೋಸ್ ಸ್ಟಿರಾಯ್ಡ್ ಕೊಟ್ಟಿದ್ದಾರೆ. ಅಮ್ಮ ಟವೆಲ್ ವ್ಯಾಯಾಮ ಮಾಡ್ತಿದ್ದಾರೆ. ಒಬ್ಬರು ಮಂಡಿ ಬದಲಾಯಿಸೋ ಆಪರೇಷನ್ ಮಾಡಿಸಿಬಿಡಿ ಅಂದಿದ್ದಾರೆ, ಅದು ಬೇಕಾ?

ಫಿಸಿಯೋ_ಹುಬ್ಬಳ್ಳಿ

ಮೆಟ್ಟಿಲು ಇಳಿಯುವಾಗ ಮಾತ್ರ ನೋವು ಅಂದರೆ ಈಗಲೇ ಬೇಡ್ರಿ. ಮೂರು ತಿಂಗಳಾದರೂ ವ್ಯಾಯಾಮ, ತೂಕ ಎರಡನ್ನೂ ಗಟ್ಟಿಯಾಗಿ ಹಿಡೀರಿ. ರಾತ್ರಿ ನಿದ್ದೆ ಕೆಡೋ ನೋವು, ಮನೆಯೊಳಗೂ ನಡೆಯೋಕೆ ಆಗಲ್ಲ ಅನ್ನೋ ಹಂತ ಬಂದರೆ ಆಗ ಯೋಚಿಸಿ, ಆಗ ಅದು ನಿಜಕ್ಕೂ ಒಳ್ಳೆಯ ಆಪರೇಷನ್. ಖರ್ಚು ಕೇಳುವಾಗ ಮಂಡಿ ಇಂಪ್ಲಾಂಟಿನ, ಅಂದರೆ ಒಳಗೆ ಕೂರಿಸೋ ಕೃತಕ ಕೀಲಿನ ಬೆಲೆ ಬೇರೆ ಬರೆದುಕೊಡಿ ಅಂತ ಕೇಳಿ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಮಿತಿ ಹಾಕಿತು, ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿಯಾಗಿತ್ತು. ಮಿಕ್ಕದ್ದು ಆಸ್ಪತ್ರೆ ಖರ್ಚು.

ರಸಬಾಳೆ_ನಂಜನಗೂಡು

ಚಿಕ್ಕಮ್ಮನ ಸುದ್ದಿ ಕೇಳಿ ಸಮಾಧಾನ ಆಯಿತು. ಅವರಿಗೆ ಒಂದು ಮಾತು ಹೇಳಿ. ಮೆಥೊಟ್ರೆಕ್ಸೇಟ್ ಕೆಲಸ ಶುರು ಮಾಡೋಕೆ ಆರರಿಂದ ಹನ್ನೆರಡು ವಾರ ಬೇಕು. ಸ್ಟಿರಾಯ್ಡ್ ಕಡಿಮೆ ಮಾಡುವಾಗ ನೋವು ಸ್ವಲ್ಪ ತಿರುಗಿ ಬರಬಹುದು, ಆಗ ಔಷಧಿ ನಾಟಲಿಲ್ಲ ಅಂತ ಬಿಡೋದು ಬೇಡ, ಡಾಕ್ಟರಿಗೆ ಫೋನ್ ಮಾಡಿ. ರಕ್ತಕಣ, ಲಿವರ್, ಕಿಡ್ನಿ ಪರೀಕ್ಷೆ ಹೇಳಿದ ದಿನಕ್ಕೆ ಮಾಡಿಸಿ, ಎಲ್ಲ ರಿಪೋರ್ಟ್ ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಇಡಿ. ಬಾಯಿ ಹುಣ್ಣು, ಜ್ವರ, ಒಣಕೆಮ್ಮು ಬಂದರೆ ಆ ವಾರದ ಮಾತ್ರೆ ನುಂಗೋ ಮೊದಲೇ ಕೇಳಿ. ಬೆಳಗಿನ ಬಿಗಿತ ಎಷ್ಟು ಹೊತ್ತಿತ್ತು ಅಂತ ದಿನಾ ಕ್ಯಾಲೆಂಡರ್ ಮೇಲೆ ಬರೆದಿಡಲಿ, ಡೋಸ್ ಏರಿಸಬೇಕಾ ಬೇಡ್ವಾ ಅಂತ ಡಾಕ್ಟರ್ ಅದನ್ನು ನೋಡಿಯೇ ಹೇಳ್ತಾರೆ. ಮಾವನನ್ನು ಯಾವಾಗ ಕರೆದುಕೊಂಡು ಹೋಗ್ತೀರಿ?

ಬೆಣ್ಣೆದೋಸೆ_ಡಿವಿಜಿ

ಶನಿವಾರ. ಯೂರಿಕ್ ಆಸಿಡ್ ಜೊತೆ ಕಿಡ್ನಿ ನೋಡೋ ಕ್ರಿಯಾಟಿನಿನ್ ಪರೀಕ್ಷೆ ಕೂಡ ಮಾಡಿಸ್ತೀವಿ, ಬಿಪಿ ಮಾತ್ರೆ ಸ್ಟ್ರಿಪ್ ಜೇಬಲ್ಲಿ ಹಾಕಿಕೊಂಡು ಬಾ ಅಂತ ಹೇಳಿದ್ದೀನಿ.